ಎರಡನೆಯ ಸಲದ ಉಪ್ಪು

ನಮ್ಮೂರಿನಲ್ಲಿ ಯಾರಿಗಾದರೂ ಸಂಶಯ ಬಂದರೆ ಮನೆಯ ಮುಂದೆ ಒಂದು ತಡೆಹಲಗೆ ತೂಗುಹಾಕುತ್ತಾರೆ. ಇಂಥದ್ದು ನಡೆದ ಕ್ಷಣ ಊರು ನಿಲ್ಲಲಿ ಎಂದು ಅದರ ಮೇಲೆ ಬಳಪದಲ್ಲಿ ಬರೆದರಾಯಿತು, ಅಂಥದ್ದು ನಡೆದ ಕ್ಷಣ ಊರು ನಿಲ್ಲುತ್ತದೆ. ನಲ್ಲಿಯ ನೀರು ಕೊಡಕ್ಕೆ ಬೀಳದೆ ನಿಲ್ಲುತ್ತದೆ, ಕಾಗೆ ಕಂಬಕ್ಕೂ ಸೂರಿಗೂ ನಡುವೆ ನಿಲ್ಲುತ್ತದೆ, ಬೈಯುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಇರುತ್ತದೆ. ಹಲಗೆಯ ಒಡೆಯರು ಮಾತ್ರ ಎಚ್ಚರವಿದ್ದು, ಓಡಾಡಿ, ಬೇಕಾದದ್ದನ್ನು ನೋಡಿಕೊಂಡು "ನಡೀಲಿ" ಎಂದ ಮೇಲೆ ಎಲ್ಲವೂ ಮತ್ತೆ ಹೊರಡುತ್ತದೆ. ನೋಡಬಹುದು ಅಷ್ಟೆ, ಏನನ್ನೂ ಕದಲಿಸುವಂತಿಲ್ಲ. ನಿಂತ ಊರಿನಲ್ಲಿ ಹುಲ್ಲುಕಡ್ಡಿಯೂ ಬಂಡೆ. ನಿಂತವರಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟವರಿಗೆ ಆಗುವಂಥ ಒಂದು ಸಣ್ಣ ಜೋಲಿ ಆಗುತ್ತದೆ, ಆಮೇಲೆ ಅವರವರ ಕೆಲಸ ಅವರವರಿಗೆ.

ಮೊದಲೆಲ್ಲ ಯಾರು ಏನು ಬೇಕಾದರೂ ಬರೆಯಬಹುದಾಗಿತ್ತು. ಸೈಕಲ್ ಅಂಗಡಿಯ ದಾಸೇಗೌಡ ತನ್ನ ಹಲಗೆಯಲ್ಲಿ ಯಾವಾಗ ನಿಲ್ಲಬೇಕು ಎಂದು ಬರೆದ, ಎಷ್ಟು ಹೊತ್ತಿನಲ್ಲಿ ಹೊರಡಬೇಕು ಎಂದು ಬರೆಯಲಿಲ್ಲ. ಊರು ನಿಂತಿತು. ಇಷ್ಟು ಪ್ರಶಾಂತವಾಗಿರುವಾಗ ಒಂದು ನಿದ್ದೆ ಮಾಡೋಣ ಎಂದು ಅವನು ಮಲಗಿದ. ನಮಗೆ ವಿಷಯ ಗೊತ್ತಾದದ್ದು ಅವನ ಗಡ್ಡದಿಂದ. ನನ್ನ ಎದುರಿಗೆ ನುಣ್ಣಗೆ ನಿಂತಿದ್ದವನು ರೆಪ್ಪೆ ಬಡಿಯುವುದರೊಳಗೆ ಗಡ್ಡ ಬಿಟ್ಟುಕೊಂಡು, ಹೊಟ್ಟೆ ಬೆನ್ನಿಗೆ ಹತ್ತಿಸಿಕೊಂಡು, ಅನ್ನ ಅನ್ನ ಎಂದು ಓಡಿದ. ಅದಾದ ಮೇಲೆ ಶಾಲೆಯ ಮೇಷ್ಟ್ರು ಒಬ್ಬರು, ಯಾರೇ ಸುಳ್ಳು ಹೇಳಿದರೂ ಊರು ನಿಲ್ಲಲಿ ಎಂದು ಬರೆದರು. ಪ್ರತಿ ಸಲವೂ ನಡೀಲಿ, ನಡೀಲಿ ಎನ್ನುತ್ತಾ ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಬಿದ್ದುಹೋಯಿತು. ಆ ಸುಳ್ಳುಗಳಲ್ಲಿ ಅರ್ಧ ಪಾಲು ಹಾಲಿನವನದು, ಇನ್ನು ಕಾಲು ಪಾಲು, ಅವನು ನೀರು ಬೆರೆಸಿದ್ದಾನೆಂದು ಗೊತ್ತಿದ್ದೂ ಹಾಲು ಚೆನ್ನಾಗಿದೆ ಎಂದು ಹೊಗಳುವ ನಮ್ಮದು.

ಆಮೇಲೆಯೇ ಊರಿಗೆ ಪರಿಶೀಲಕರು ಬಂದದ್ದು. ಇಬ್ಬರು. ಒಬ್ಬರು ವರದಯ್ಯನವರು, ಇನ್ನೊಬ್ಬಳು ನಾನು, ಇಂದುಮತಿ. ನನ್ನ ಹೊಟ್ಟೆಪಾಡು ಬಟ್ಟೆ ಹೊಲಿಯುವುದು. ಪರಿಶೀಲನೆ ಊರಿನ ಕೆಲಸ. ಹಲಗೆಯಲ್ಲಿ ಏನನ್ನಾದರೂ ತಿದ್ದಬೇಕೆಂದವರು, ತೆಗೆಯಬೇಕಾದ ಸಾಲಿನ ಮುಂದೆ ಕಳೆಯುವ ಗುರುತನ್ನೂ ಸೇರಿಸಬೇಕಾದ ಸಾಲಿನ ಮುಂದೆ ಕೂಡುವ ಗುರುತನ್ನೂ ಹಾಕಿಕೊಂಡು ನಮ್ಮ ಕಟ್ಟೆಗೆ ತರಬೇಕು. ನಾವು ಓದಿ, ತಕರಾರು ಎತ್ತಿ, ಒಪ್ಪಿಗೆಯಾದರೆ ಕೆಂಪು ಬಳಪದಲ್ಲಿ "ಆಗಬಹುದು" ಎಂದು ಬರೆಯಬೇಕು. ಇಬ್ಬರೂ ಬರೆದರೆ ಮಾತ್ರ ಹಲಗೆ ಏರುತ್ತದೆ. ವರದಯ್ಯನವರು ಒಂದು ಕಾಲಕ್ಕೆ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುತ್ತಿದ್ದವರು. ಹೆಣ್ಣು ಕೊಡುವ ಮನೆಯವರು ವರನ ಜಾತಕ ನೋಡುವ ಹಾಗೆ ಹಲಗೆ ನೋಡುತ್ತಾರೆ. ಅವರು ತಕರಾರಿಲ್ಲದೆ ಒಪ್ಪಿದ ಒಂದು ಹಲಗೆಯನ್ನೂ ನಾನು ಕಂಡಿಲ್ಲ. ನನಗೆ ಅಷ್ಟು ತಾಳ್ಮೆಯಿಲ್ಲ, ಆದರೆ ನನ್ನ ಕಣ್ಣು ಚುರುಕು ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳುವವರೆಗೂ ಕಾಯುತ್ತಾ ಕೂರುವುದು ಯಾಕೆ?

ಈಗ ನಂಜಮ್ಮಣ್ಣಿಯ ವಿಷಯ. ಬಸ್ಸು ತಿರುಗುವ ಜಾಗದಲ್ಲಿ ಅವಳ ಊಟದ ಮನೆ. ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಇಷ್ಟೇ, ಆದರೆ ಆ ಸಾರಿಗಾಗಿ ಜನ ಸ್ವಂತ ಮನೆಯ ಊಟ ಬಿಟ್ಟು ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ವರದಯ್ಯನವರು ಮಧ್ಯಾಹ್ನ ಉಂಡದ್ದೆಲ್ಲ ಅಲ್ಲಿಯೇ. ಒಲೆಯ ಮುಂದೆ ನಂಜಮ್ಮಣ್ಣಿ, ಅವಳ ಹಿಂದೆ ಹೆಚ್ಚುವುದಕ್ಕೆ, ರುಬ್ಬುವುದಕ್ಕೆ ಸೊಸೆ ಸುಗುಣ, ಎಲೆಗೆ ಮಜ್ಜಿಗೆ ಬಡಿಸುವುದಕ್ಕೆ ಮಗ ಶಿವನಂಜ. ಈ ಶಿವನಂಜನಿಗೆ ಅಮ್ಮ ಏನು ಹೇಳಿದರೂ ಹೌದು, ಹೆಂಡತಿ ಏನು ಹೇಳಿದರೂ ಹೌದು. ಇಬ್ಬರೂ ಒಟ್ಟಿಗೆ ಹೇಳಿದರೆ ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆಯುತ್ತಾನೆ.

ಆ ಸಾರು ಉಪ್ಪಾಗತೊಡಗಿತು. ಒಂದು ದಿನ ಕೈ ತಪ್ಪಿರಬೇಕು ಎಂದು ಎಲ್ಲರೂ ಸುಮ್ಮನೆ ಉಂಡರು. ಮತ್ತೆ ಸರಿಯಾಯಿತು, ಮತ್ತೆ ಉಪ್ಪಾಯಿತು. ಜನ ಮೊದಲು ಮಜ್ಜಿಗೆ ಹೆಚ್ಚು ಹಾಕಿಸಿಕೊಂಡರು, ಆಮೇಲೆ ಸಾರು ಬೇಡವೆಂದರು, ಆಮೇಲೆ ಊಟಕ್ಕೆ ಬರುವುದನ್ನೇ ಕಡಿಮೆ ಮಾಡಿದರು. ನಂಜಮ್ಮಣ್ಣಿಗೆ ಕಾರಣ ಹುಡುಕುವ ಕಷ್ಟವೇ ಬೀಳಲಿಲ್ಲ. ಒಲೆಯ ಹತ್ತಿರ ಇರುವವರು ಇಬ್ಬರು, ಅವರಲ್ಲಿ ಒಬ್ಬಳು ತಾನು. ಸೊಸೆ ತನ್ನ ಕೈರುಚಿಗೆ ಕಲ್ಲು ಹಾಕುತ್ತಿದ್ದಾಳೆ, ತನ್ನನ್ನು ಒಲೆಯಿಂದ ಎಬ್ಬಿಸಿ ತಾನು ಕೂರಬೇಕೆಂದಿದ್ದಾಳೆ ಎಂದು ಅವಳು ಬೀದಿಯಲ್ಲಿ ನಿಂತು ಹೇಳಿದಳು. ಸಿಕ್ಕಿಬಿದ್ದ ದಿನವೇ ತವರಿನ ಬಸ್ಸು ಹತ್ತಿಸುತ್ತೇನೆ ಎಂದೂ ಸೇರಿಸಿದಳು. ಸುಗುಣನಿಗೆ ತವರು ಎಂದರೆ ಅಣ್ಣನ ಮನೆ. ಅಲ್ಲಿ ನಾದಿನಿಯನ್ನು ತಡೆಯುವುದಕ್ಕೆ ಅತ್ತಿಗೆಗೆ ಹಲಗೆ ಬೇಕಾಗಿಲ್ಲ, ಮುಖವೇ ಸಾಕು. ನಂಜಮ್ಮಣ್ಣಿ ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಮಾಡುವವಳು ಎಂದು ಊರಿಗೆಲ್ಲ ಗೊತ್ತಿದ್ದರಿಂದ, ಇದು ಬರಿಯ ಅತ್ತೆ ಸೊಸೆಯ ಜಗಳ ಎಂದು ನಗುವ ಹಾಗಿರಲಿಲ್ಲ.

ಅವಳು ತಂದ ಮೊದಲ ಹಲಗೆ ಚೆನ್ನಾಗಿಯೇ ಇತ್ತು. ನನ್ನ ಸಾರಿನ ಪಾತ್ರೆಗೆ ಉಪ್ಪು ಬಿದ್ದ ಕೂಡಲೇ ಊರು ನಿಲ್ಲಲಿ. ನಿಂತಾಗ ಹಾಕಿದವರು ಯಾರೆಂದು ನೋಡುವುದು. ಹೊರಟ ಮೇಲೆ ಜಗುಲಿಯಲ್ಲಿ ನಿಂತು, ಊಟಕ್ಕೆ ಬಂದವರಿಗೆಲ್ಲ ಕೇಳುವ ಹಾಗೆ ಹೆಸರು ಹೇಳುವುದು. ಕೊನೆಯ ಸಾಲನ್ನು ಅವಳು ಒತ್ತಿ ಬರೆದಿದ್ದಳು. ಹಲಗೆಯಲ್ಲಿ ಬರೆದದ್ದನ್ನು ಮಾಡದೆ ತಪ್ಪಿಸಿಕೊಂಡವರ ಹಲಗೆಯನ್ನು ಇಳಿಸಿಬಿಡುವುದು ನಮ್ಮೂರಿನ ಕಟ್ಟಳೆ, ಹಲಗೆ ಇಳಿದ ಮನೆಯವರ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ. ವರದಯ್ಯನವರು ಕನ್ನಡಕ ಒರೆಸಿಕೊಂಡು, ಬೆವರಿನ ಹನಿ ಬಿದ್ದರೂ ಉಪ್ಪು ಬಿದ್ದಂತೆಯೇ ಅಲ್ಲವೇ ಎಂದು ಕೇಳಿದರು.

"ನನ್ನ ಸಾರಿಗೆ ಬೆವರು ಬೀಳೋ ಹಾಗಿದ್ರೆ ನಿಮ್ಗೆ ಇಷ್ಟು ವರ್ಷ ಊಟ ಹಾಕ್ತಿರ್ಲಿಲ್ಲ ವರದಯ್ಯನೋರೆ" ಎಂದಳು ನಂಜಮ್ಮಣ್ಣಿ.

ಆಗಬಹುದು ಎಂದು ಬರೆದೆವು. ಹಲಗೆ ಏರಿತು. ದಿನ ಕಳೆಯಿತು, ಊರು ಒಮ್ಮೆಯೂ ನಿಲ್ಲಲಿಲ್ಲ. ಸಾರು ಮಾತ್ರ ಉಪ್ಪಾಗಿಯೇ ಇತ್ತು. ಸೊಸೆ ಕಳ್ಳಿ ಮಾತ್ರವಲ್ಲ, ಬಹಳ ಜಾಣ ಕಳ್ಳಿ ಎಂದು ನಂಜಮ್ಮಣ್ಣಿ ತೀರ್ಮಾನಿಸಿ ತಿದ್ದುಪಡಿ ತಂದಳು. ಉಪ್ಪು ಬಿದ್ದರೆ ಎಂಬ ಸಾಲು ಹೋಗಿ, ಸುಗುಣ ಒಲೆಯ ಹತ್ತಿರ ಬಂದರೆ ಎಂಬ ಸಾಲು ಬಂತು. ಇದು ಬಹಳ ಅಗಲವಾಯಿತು, ಕಂಕುಳಲ್ಲಿ ಇನ್ನೊಬ್ಬರು ಹಿಡಿಸುವಷ್ಟು ಸಡಿಲ ಎಂದು ನಾನು ಹೇಳಿದೆ. ವರದಯ್ಯನವರಿಗೆ ಅವತ್ತು ಹೊಟ್ಟೆ ಹಸಿದಿತ್ತು, ಹೇಗಾದರೂ ಆ ಸಾರು ಸರಿಯಾದರೆ ಸಾಕಾಗಿತ್ತು. ಅವರು ಒತ್ತಾಯ ಮಾಡಿದರು, ನಾನೂ ಬರೆದೆ.

ಆ ದಿನಗಳನ್ನು ಊರಿನವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಸೊಸೆ ಒಲೆಯ ಹತ್ತಿರ ಹೋಗದೆ ಅಡುಗೆಮನೆಯಲ್ಲಿ ಇರುವುದು ಹೇಗೆ? ಅವಳು ಸೌಟು ಕೊಡಲು ಹೋದರೆ ಊರು ನಿಂತಿತು, ಕಟ್ಟಿಗೆ ಒಟ್ಟಲು ಹೋದರೆ ನಿಂತಿತು. ಬೀದಿಯಲ್ಲಿ ನಡೆಯುವವರೆಲ್ಲ ಹೆಜ್ಜೆ ಹೆಜ್ಜೆಗೂ ಜೋಲಿ ಹೊಡೆದು ಕುಡಿದವರಂತೆ ಕಾಣುತ್ತಿದ್ದರು. ಕ್ಷೌರದಂಗಡಿಯ ಮುನಿಸ್ವಾಮಿ, ಜವಾಬ್ದಾರಿ ತನ್ನದಲ್ಲ ಎಂದು ಹೇಳಿಯೇ ಕತ್ತಿ ಹಿಡಿಯುತ್ತಿದ್ದ. ನಂಜಮ್ಮಣ್ಣಿ ಪ್ರತಿ ನಿಲುಗಡೆಯಲ್ಲೂ ಸೊಸೆಯ ಮುಷ್ಟಿಯ ಸಂದಿಯಲ್ಲಿ ಇಣುಕಿ ನೋಡುವಳು. ಒಮ್ಮೆ ಶುಂಠಿ ಕಂಡಿತು, ಒಮ್ಮೆ ಕೊತ್ತಂಬರಿ, ಒಮ್ಮೆ ಪೆಪ್ಪರ್‌ಮೆಂಟು. ಉಪ್ಪು ಕಾಣಲಿಲ್ಲ. ಎದ್ದದ್ದು ಎದ್ದಾಯಿತಲ್ಲ ಎಂದು ತೆರೆದ ಬಾಗಿಲಿನ ಮನೆಗಳನ್ನೆಲ್ಲ ಹೊಕ್ಕು ಅವರವರ ಒಲೆಯ ಮೇಲೆ ಏನಿದೆ ಎಂದು ನೋಡಿಕೊಂಡು ಬರುವಳು. ನಿನ್ನೆ ನಿಮ್ಮ ಹುಳಿ ಗಟ್ಟಿಯಾಗಿತ್ತು ಎಂದು ಮಾರನೆಯ ದಿನ ಅವಳು ಹೇಳಿದಾಗ ಜನಕ್ಕೆ ಅರ್ಥವಾಯಿತು. ಅಂದಿನಿಂದ ನಮ್ಮೂರಿನಲ್ಲಿ ಒಗ್ಗರಣೆ ಹಾಕುವುದು ಬಾಗಿಲು ಹಾಕಿಕೊಂಡೇ.

ಇಷ್ಟಾದರೂ ಸಾರು ಸರಿಹೋಗಲಿಲ್ಲ. ಸರಿಹೋಗದಿದ್ದರೆ ಹಾಳಾಯಿತು, ಹಲಗೆ ಏರಿದ ಮೇಲೆ ಮೊದಲಿಗಿಂತ ಹೆಚ್ಚು ಉಪ್ಪಾಯಿತು. ಇದು ನನ್ನ ತಲೆಯಲ್ಲಿ ಕೂತಿತು. ನೋಡುವವರು ಇದ್ದಾಗ ಕಳ್ಳರು ಕೈ ಹಿಂದೆಗೆಯುತ್ತಾರೆ, ಇವಳು ಯಾಕೆ ಹೆಚ್ಚು ಹಾಕುತ್ತಾಳೆ? ಇನ್ನೊಂದು ವಿಚಿತ್ರವೂ ಇತ್ತು. ಊಟದ ಮನೆಯ ಹಿತ್ತಲಲ್ಲಿ ಬಿದ್ದಿರುತ್ತಿದ್ದ ಕಂದು ನಾಯಿ ಈಗ ಇಡೀ ದಿನ ಬೀದಿಯ ನಲ್ಲಿಯ ಕೆಳಗೇ ಇರುತ್ತಿತ್ತು. ಕುಡಿಯುವುದು, ಏದುವುದು, ಮತ್ತೆ ಕುಡಿಯುವುದು. ಬಾಯಾರಿಕೆಯ ರೋಗ ಎಂದು ಎಲ್ಲರೂ ದೂರವಿದ್ದರು.

ನಂಜಮ್ಮಣ್ಣಿಯ ಇನ್ನೊಂದು ತಿದ್ದುಪಡಿ ಬಂತು. ಸುಗುಣ ಅಡುಗೆಮನೆಯಲ್ಲಿ ಉಸಿರಾಡಿದರೆ, ಎಂದೇನೋ ಇತ್ತು. ವರದಯ್ಯನವರು ಅದನ್ನು ಮೂರು ಕಡೆ ಕೆಂಪು ಮಾಡಿ ನನ್ನ ಕೈಗೆ ಕೊಟ್ಟರು. ನಾನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯ ಅಂಚು ಸವರುವ ಅಭ್ಯಾಸದಲ್ಲಿ ಅದರ ಅಂಚು ಸವರುತ್ತಿದ್ದೆ. ಬೆರಳಿಗೆ ಏನೋ ತಗುಲಿತು. ಹಲಗೆಯ ಬುಡದಲ್ಲಿ, ಬಳಪದ್ದಲ್ಲ, ಬಡಗಿ ಉಳಿಯಲ್ಲಿ ಕೆತ್ತಿದ ಸಾಲು: ಹಲಗೆಯವರನ್ನು ಬಿಟ್ಟು. ನಮ್ಮೂರಿನ ಎಲ್ಲ ಹಲಗೆಗಳಲ್ಲೂ ಈ ಸಾಲು ಹುಟ್ಟಿನಿಂದಲೇ ಬರುತ್ತದೆ. ಹಲಗೆಯ ಒಡೆಯರು ಏನು ಮಾಡಿದರೂ ಅವರ ಹಲಗೆಗೆ ಅದು ಲೆಕ್ಕವಿಲ್ಲ. ನನ್ನ ಗೋಡೆಗೆ ಉಗುಳಿದವರನ್ನು ಹಿಡಿಯಲಿ ಎಂದು ಹಲಗೆ ಹಾಕಿದವನು ತಾನೇ ಉಗುಳಿಕೊಂಡು ವರ್ಷಗಟ್ಟಲೆ ಹಾಯಾಗಿದ್ದದ್ದು ಈ ಸಾಲಿನ ದಯದಿಂದ. ನಾವು ಪರಿಶೀಲಕರು ಕೂಡುವ ಗುರುತಿನ ಸಾಲು ಓದುತ್ತೇವೆ, ಕಳೆಯುವ ಗುರುತಿನ ಸಾಲು ಓದುತ್ತೇವೆ. ಗುರುತಿಲ್ಲದ ಸಾಲನ್ನು ಯಾರು ಓದುತ್ತಾರೆ? ಉಪ್ಪು ಬಿದ್ದರೂ ಮೊದಲ ಹಲಗೆ ಒಮ್ಮೆಯೂ ಊರು ನಿಲ್ಲಿಸದಿದ್ದದ್ದು ನನಗೆ ನೆನಪಾಯಿತು.

ಹೊಸ ತಿದ್ದುಪಡಿಯನ್ನು ನಾನೇ ಬರೆದೆ. ಒಂದೇ ಸಾರಿಗೆ ಎರಡನೆಯ ಸಲ ಉಪ್ಪು ಬಿದ್ದರೆ ನಿಲ್ಲಲಿ, ಯಾರೇ ಹಾಕಲಿ. ಸುಗುಣನ ಹೆಸರಿದ್ದ ಸಾಲಿನ ಮುಂದೆಯೂ ಕೆತ್ತಿದ ಸಾಲಿನ ಮುಂದೆಯೂ ಕಳೆಯುವ ಗುರುತು. ವರದಯ್ಯನವರು ಎದ್ದು ನಿಂತುಬಿಟ್ಟರು. ಆ ಸಾಲನ್ನು ಯಾರೂ ಯಾವತ್ತೂ ಮುಟ್ಟಿಲ್ಲ, ಹಿರಿಯರು ಯೋಚನೆ ಮಾಡದೆ ಕೆತ್ತಿಸಿದ್ದಾರೆಯೇ, ಇವತ್ತು ಅವಳ ಹಲಗೆಯಲ್ಲಿ ತೆಗೆದರೆ ನಾಳೆ ಎಲ್ಲರ ಹಲಗೆಯಲ್ಲೂ ತೆಗೆಯಿರಿ ಎನ್ನುತ್ತಾರೆ ಎಂದರು. ತೆಗೆದರೆ ಏನಂತೆ ಎಂದೆ. ತಮ್ಮ ಮನೆಯ ಮುಂದೆಯೂ ಒಂದು ಹಲಗೆ ಇದೆಯಲ್ಲ ಎಂದರು, ಆಮೇಲೆ ಹೇಳಬಾರದಿತ್ತು ಎನಿಸಿ ಕೂತರು. ಅವರ ಹಲಗೆ ಇರುವುದು ಪಕ್ಕದ ಮನೆಯ ದಾಸವಾಳ ಕೀಳುವವರನ್ನು ಹಿಡಿಯಲು, ಪಕ್ಕದ ಮನೆಯವರ ಕೋರಿಕೆಯ ಮೇರೆಗೆ. ನಾನು ಅವರ ಪಕ್ಕದಲ್ಲಿದ್ದ ಪೂಜೆಯ ಹೂಬುಟ್ಟಿಯ ಕಡೆ ನೋಡಿದೆ. ಅವರು ಕೆಂಪು ಬಳಪ ತೆಗೆದುಕೊಂಡು ಆಗಬಹುದು ಎಂದು ಬರೆದರು, ಬಹಳ ಸಣ್ಣ ಅಕ್ಷರದಲ್ಲಿ.

ಒಡೆಯಳು ಒಪ್ಪಬೇಕಲ್ಲ, ಇಬ್ಬರೂ ಊಟದ ಮನೆಗೆ ಹೋದೆವು. ನಂಜಮ್ಮಣ್ಣಿ ನಕ್ಕಳು. ತನಗೇನು ಭಯ, ಬೇಕಾದರೆ ಹಲಗೆಯ ಎರಡು ಕಡೆಯಿಂದಲೂ ತೆಗೆಯಿರಿ ಎಂದಳು. ಆಗ ಒಳಗೆ ಅಕ್ಕಿ ತೊಳೆಯುತ್ತಿದ್ದ ಸುಗುಣ ಹಾಗೆಯೇ ಒದ್ದೆ ಕೈಯಲ್ಲಿ ಹೊರಗೆ ಬಂದಳು. ಅವಳು ನಮ್ಮ ಮುಂದೆ ಅದುವರೆಗೆ ಬಾಯಿ ಬಿಟ್ಟವಳೇ ಅಲ್ಲ.

"ಬೇಡ ಅತ್ತೆ. ಆ ಸಾಲು ಇರ್ಲಿ" ಎಂದಳು.

ಯಾಕೆ ಎಂದು ಕೇಳಿದರೆ ನನ್ನ ಕಡೆ ತಿರುಗಿ, "ಇಂದಕ್ಕ, ನಾನೇ ಹಾಕ್ದೆ ಅಂತ ಬರ್ಕೊಂಬಿಡಿ. ಹಲಗೆ ಇಳಿಸ್ಬಿಡಿ" ಎಂದಳು.

"ನೋಡಿದ್ರಾ, ಸಿಕ್ಕಾಕೊಳ್ತೀನಿ ಅಂತ ಗೊತ್ತಾಯ್ತು" ಎಂದಳು ನಂಜಮ್ಮಣ್ಣಿ. "ಬರ್ಕೊಳ್ಳೋದು ಗಿರ್ಕೊಳ್ಳೋದು ಬೇಡ. ನಾನು ಕಣ್ಣಾರೆ ನೋಡ್ಬೇಕು, ಜಗುಲಿ ಮೇಲೆ ನಿಂತು ಹೇಳ್ಬೇಕು. ನಂಜ, ಹೋಗಿ ಬಡಗಿ ಕರ್ಕೊಂಡ್ ಬಾ."

ಶಿವನಂಜ ಅಮ್ಮನಿಗೂ ಹೆಂಡತಿಗೂ ಒಂದೊಂದು ಸಲ ತಲೆಯಾಡಿಸಿ, ಹೋಗಿ ಕರೆದುಕೊಂಡು ಬಂದ. ಉಳಿಯ ಪ್ರತಿ ಏಟಿಗೂ ಸುಗುಣ ಕಣ್ಣು ಮುಚ್ಚುತ್ತಿದ್ದಳು. ಸಾಲು ಹೋಯಿತು, ಬಿಳಿಯ ಮರ ಉಳಿಯಿತು. ಹೊಸ ತಿದ್ದುಪಡಿಯ ಮೊದಲ ನಿಲುಗಡೆಗೆ ಪರಿಶೀಲಕರು ಎಚ್ಚರವಿರಬೇಕು, ಅದಕ್ಕೆ ನಮ್ಮಿಬ್ಬರ ಹೆಸರನ್ನು ಹಲಗೆಯ ಹಿಂಬದಿಗೆ ಬರೆದೆವು.

ಮರುದಿನ ಊಟದ ಹೊತ್ತಿಗೆ ಮುಂಚೆ ನಾನು ರವಿಕೆಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದೆ, ಹೊರಗಿನ ಸದ್ದೆಲ್ಲ ನಿಂತುಹೋಯಿತು. ಕೈಯಲ್ಲಿದ್ದ ಸೂಜಿ ಗೋಡೆಗೆ ನೆಟ್ಟಂತೆ ಗಾಳಿಯಲ್ಲಿ ಉಳಿಯಿತು. ಎದ್ದು ಬೀದಿಗೆ ಬಂದೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟಿದ್ದ ದಾಸೇಗೌಡ ಬೀಳುವ ಅರ್ಧ ದಾರಿಯಲ್ಲಿದ್ದ. ಪಾಪ, ಅವನಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ನಲ್ಲಿಯ ಕೆಳಗೆ ಕಂದು ನಾಯಿ ನಾಲಿಗೆ ಚಾಚಿ ನಿಂತಿತ್ತು. ವರದಯ್ಯನವರು ಎದುರಿನಿಂದ ಪಂಚೆ ಎತ್ತಿಕೊಂಡು ಬರುತ್ತಿದ್ದರು. ಊಟದ ಮನೆಯ ಜಗುಲಿಯ ಮೇಲೆ, ಇವತ್ತು ಹೆಸರು ಹೊರಬೀಳುತ್ತದೆಂದು ಬಹಳ ದಿನದ ಮೇಲೆ ಜನ ಸೇರಿದ್ದರು. ಅವರ ನಡುವೆ ನುಸುಳಿಕೊಂಡು ಅಡುಗೆಮನೆಗೆ ಹೋದೆವು.

ನಂಜಮ್ಮಣ್ಣಿ ಒಲೆಗೆ ಬೆನ್ನು ಹಾಕಿ ನಿಂತಿದ್ದಳು. ಮುಖದಲ್ಲಿ ಗೆಲುವು ಕುಣಿಯುತ್ತಿತ್ತು. "ಬನ್ನಿ, ಬನ್ನಿ. ನೋಡಿ, ಸಿಕ್ಕಿಬಿದ್ಲು" ಎಂದಳು.

ಸುಗುಣ ಅವಳ ಎದುರಿಗೆ, ಅವಳು ತಿರುಗುವ ಮುಂಚೆ ಅವಳ ಬೆನ್ನ ಹಿಂದಾಗಿದ್ದ ಜಾಗದಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಬಿಸಿನೀರಿನ ತಂಬಿಗೆ. ಇನ್ನೊಂದು ಕೈ ಸೆರಗಿನ ಮರೆಯಿಂದ ಆಗಷ್ಟೇ ಹೊರಗೆ ಬಂದಿತ್ತು. ಅದರಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗೋಧಿಹಿಟ್ಟಿನ ಉಂಡೆ. ಹಿಂದಿನ ಬಾಗಿಲಿನ ಆಚೆ ಚರಂಡಿಯ ಪಕ್ಕದಲ್ಲಿ ಅಂಥವೇ ಉಂಡೆಗಳು ಬಿದ್ದಿದ್ದವು, ಸಾರಿನಲ್ಲಿ ಬೆಂದು ಕೆಂಪಾಗಿದ್ದವು, ಕೆಲವನ್ನು ನಾಯಿ ಅರ್ಧ ತಿಂದು ಬಿಟ್ಟಿತ್ತು. ಸಾರು ಉಪ್ಪಾದಾಗ ಹಿಟ್ಟಿನ ಉಂಡೆ ಹಾಕಿ ಕುದಿಸಿದರೆ ಅದು ಉಪ್ಪು ಹೀರುತ್ತದೆ ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ? ನಂಜಮ್ಮಣ್ಣಿಗೂ ಗೊತ್ತು. ಅವಳು ಉಂಡೆಯನ್ನು ನೋಡಿದಳು, ತಂಬಿಗೆಯನ್ನು ನೋಡಿದಳು.

"ಇದ್ಯಾಕೆ ಇವಳ ಕೈಲಿ?" ಎಂದಳು. "ಉಪ್ಪೆಲ್ಲಿ?"

ನಾನು ಒಲೆಯ ಕಡೆ ನೋಡಿದೆ. ಅವಳೂ ತಿರುಗಿದಳು. ಸಾರಿನ ಪಾತ್ರೆಯ ಮೇಲೆ ಒಂದು ಹಿಡಿ ಉಪ್ಪು ಗಾಳಿಯಲ್ಲಿ ನಿಂತಿತ್ತು. ಮೇಲಿನ ಕಾಳುಗಳು ಇನ್ನೂ ಬೆರಳುಗಳ ಆಕಾರದಲ್ಲೇ ಇದ್ದವು, ಕೆಳಗಿನವು ಸಾರನ್ನು ಮುಟ್ಟಿದ್ದವು. ಅದರ ಮೇಲೆ ಕೈ ಇರಲಿಲ್ಲ, ಏಕೆಂದರೆ ಕೈ ನಮ್ಮ ಮುಂದೆ ನಿಂತಿತ್ತು. ನಂಜಮ್ಮಣ್ಣಿ ತನ್ನ ಬಲಗೈಯನ್ನು ಮುಖದ ಹತ್ತಿರ ತಂದುಕೊಂಡಳು. ಬೆರಳ ಸಂದಿಯಲ್ಲಿ ನಾಲ್ಕು ಕಾಳು ಹೊಳೆಯುತ್ತಿದ್ದವು.

"ಇಲ್ಲ ಇಂದುಮತಿ. ನಾನಿನ್ನೂ ಹಾಕೇ ಇರ್ಲಿಲ್ಲ. ಈಗ ತಾನೆ ಹಾಕೋಣ ಅಂತ..." ಎಂದಳು.

ಹಲಗೆ ಎರಡನೆಯ ಸಲಕ್ಕೆ ಮಾತ್ರ ನಿಲ್ಲಿಸುತ್ತದೆ ಎಂದು ವರದಯ್ಯನವರು ಮೆತ್ತಗೆ ಹೇಳಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಂಜಮ್ಮಣ್ಣಿ ಆ ಉಪ್ಪನ್ನು ಹಿಡಿಯಲು ಹೋದಳು. ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಲು ನೋಡಿದಳು, ಪಾತ್ರೆಯ ಆಚೆಗೆ ತಳ್ಳಲು ನೋಡಿದಳು. ಒಂದು ಕಾಳೂ ಕದಲಲಿಲ್ಲ. ಪ್ರತಿ ಸಲ ಊರು ನಿಂತಾಗಲೂ ಇವಳು ಎದ್ದು ಬೀದಿಯೆಲ್ಲ ಸುತ್ತಿ ಬಂದು, ಒಲೆಯ ಮುಂದೆ ಕೂತು, ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆತು ಹಾಕುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಸಾರು ಹೆಚ್ಚು ಉಪ್ಪಾದದ್ದು ನಾವು ಆಗಬಹುದು ಎಂದು ಬರೆದ ಮೇಲೆ. ಅದನ್ನು ಬಾಯಿ ಬಿಟ್ಟು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಅವಳು ನಡೀಲಿ ಎನ್ನಲಿಲ್ಲ. ಸೊಸೆಯ ಮುಂದೆ ಬಂದು ನಿಂತು ಅವಳ ಮುಖ ನೋಡಿದಳು. ಸುಗುಣನ ಕಣ್ಣು ಮುಂಚೆ ಅತ್ತೆಯ ಬೆನ್ನಿದ್ದ ಕಡೆಗೇ ನೆಟ್ಟಿತ್ತು, ಅತ್ತೆ ತಿರುಗಿಬಿಟ್ಟಾಳು ಎಂಬ ಭಯದಲ್ಲಿ ಹುಬ್ಬು ಕೂಡಿತ್ತು. ಹಣೆಗೆ ಬೆವರಿನಿಂದ ಅಂಟಿದ್ದ ಒಂದು ಎಳೆ ಕೂದಲನ್ನು ನಂಜಮ್ಮಣ್ಣಿ ಬೆರಳಿನಿಂದ ಸರಿಸಲು ನೋಡಿದಳು. ಅದೂ ಬಂಡೆ.

"ಎಷ್ಟು ದಿನದಿಂದ ಹಿಂಗೆ ಮಾಡ್ತಿದ್ದೀಯೇ, ಹುಚ್ಚು ಮುಂಡೇದೆ" ಎಂದಳು. "ಬೈಸ್ಕೊಂಡು ಬೈಸ್ಕೊಂಡು."

ನಿಂತವರಿಗೆ ಏನೂ ಕೇಳಿಸುವುದಿಲ್ಲ. ಅದು ನಂಜಮ್ಮಣ್ಣಿಗೂ ಗೊತ್ತು, ಗೊತ್ತಿದ್ದರಿಂದಲೇ ಇನ್ನೂ ಏನೇನೋ ಹೇಳಿದಳು. ಅತ್ತೆಗೆ ಮರೆವು ಬಂದಿದೆ ಎಂದು ಹೇಳುವುದಕ್ಕಿಂತ ತಾನು ಕಳ್ಳಿ ಎನಿಸಿಕೊಳ್ಳುವುದೇ ವಾಸಿ ಎಂದುಕೊಂಡೆಯಾ ಎಂದು ಕೇಳಿದಳು. ಮರೆವಿನ ಭಯ ತನಗೂ ಇತ್ತು, ಅದಕ್ಕೇ ಅಷ್ಟು ಜೋರಾಗಿ ನಿನ್ನ ಹೆಸರು ಹೇಳಿದೆ ಎಂದಳು. ವರದಯ್ಯನವರು ಗೋಡೆಗೆ ಮುಖ ಮಾಡಿ ಕನ್ನಡಕ ಒರೆಸುತ್ತಿದ್ದರು. ನಾನು ಒರೆಸಲು ಕನ್ನಡಕವಿಲ್ಲದೆ ನೇರವಾಗಿ ಕಣ್ಣನ್ನೇ ಒರೆಸಿಕೊಂಡೆ.

ಹಲಗೆಯಲ್ಲಿ ಬರೆದದ್ದು ಇನ್ನೂ ಬಾಕಿಯಿತ್ತು. ಜಗುಲಿಯಲ್ಲಿ ನಿಂತು, ಊಟಕ್ಕೆ ಬಂದವರಿಗೆಲ್ಲ ಕೇಳುವ ಹಾಗೆ ಹೆಸರು ಹೇಳುವುದು. ಪರಿಶೀಲಕರು ಒಪ್ಪಿದರೆ ಆ ಸಾಲನ್ನು ಈಗಲೇ ಕೈಬಿಡಬಹುದು, ಇದಕ್ಕೆ ತಮ್ಮ ತಕರಾರಿಲ್ಲ ಎಂದರು ವರದಯ್ಯನವರು. ನನ್ನದೂ ಇಲ್ಲ ಎಂದೆ.

"ಅವಳ ಹೆಸ್ರು ಹೇಳಕ್ಕೆ ಬರ್ದಿದ್ದು ನಾನೇ ತಾನೆ" ಎಂದಳು ನಂಜಮ್ಮಣ್ಣಿ. ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂಚೆ ನಿಂತಿದ್ದ ಜಾಗದಲ್ಲಿ ನಿಂತು, ಗಟ್ಟಿಯಾಗಿ, "ನಡೀಲಿ" ಎಂದಳು.

ಉಪ್ಪು ಸಾರಿಗೆ ಬಿತ್ತು. ಬೀದಿಯಲ್ಲಿ ದಾಸೇಗೌಡ ಬಿದ್ದ ಸದ್ದು ಕೇಳಿಸಿತು. ಅತ್ತೆ ತನ್ನನ್ನೇ ನೋಡುತ್ತಿರುವುದನ್ನು ಕಂಡು ಸುಗುಣ ಉಂಡೆಯನ್ನು ಸೆರಗಿಗೆ ಎಳೆದುಕೊಂಡಳು. ನಂಜಮ್ಮಣ್ಣಿ ಅವಳ ಮಣಿಕಟ್ಟು ಹಿಡಿದು ಜಗುಲಿಗೆ ಕರೆದುಕೊಂಡು ಹೋದಳು. ಕೂತಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಶಿವನಂಜ ಮಜ್ಜಿಗೆಯ ಪಾತ್ರೆ ಇಟ್ಟು ಕೊಡಲಿ ಎಲ್ಲಿದೆ ಎಂದು ನೋಡಿದ.

"ಉಪ್ಪು ಹಾಕ್ತಿದ್ದೋಳು ನಂಜಮ್ಮಣ್ಣಿ" ಎಂದಳು. "ಒಂದ್ಸಲ ಹಾಕಿ, ಮರ್ತು, ಇನ್ನೊಂದ್ಸಲ ಹಾಕ್ತಿದ್ಲು. ಇಷ್ಟು ದಿನ ನೀವು ಬಾಯಿಗೆ ಇಟ್ಕೊಳ್ಳೋ ಹಾಗೆ ಮಾಡ್ತಿದ್ದೋಳು ಇವಳು. ಎಲೆ ಹಾಕ್ಕೊಳ್ಳಿ. ಇವತ್ತು ಸಾರು ಸ್ವಲ್ಪ ತಡ ಆಗತ್ತೆ, ಉಂಡೆ ಹಾಕಿ ಕುದಿಸ್ಬೇಕು."

ಒಬ್ಬೊಬ್ಬರಾಗಿ ಎಲೆ ಹಾಕಿಕೊಂಡರು. ಅವತ್ತು ಎದ್ದು ಹೋದವರು ಒಬ್ಬರೂ ಇಲ್ಲ, ಸೊಂಟ ಹಿಡಿದುಕೊಂಡು ಬಂದ ದಾಸೇಗೌಡನೂ ಕೂತು ಉಂಡ.

ಕೆಲವು ದಿನಗಳಾದ ಮೇಲೆ ನಂಜಮ್ಮಣ್ಣಿ ಹಲಗೆಯನ್ನು ಮತ್ತೆ ಕಟ್ಟೆಗೆ ತಂದಳು. ಇದ್ದ ಸಾಲುಗಳ ಮುಂದೆಲ್ಲ ಕಳೆಯುವ ಗುರುತು. ಕೂಡುವ ಗುರುತು ಒಂದೇ ಕಡೆ: ನಾನು ಎರಡನೆಯ ಸಲ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಊರು ನಿಲ್ಲುವುದು ಬೇಡ, ಸುಗುಣ ಕೆಮ್ಮಿದರೆ ಸಾಕು. ನಾನು ಓದಿದ ಕೂಡಲೇ ಆಗಬಹುದು ಎಂದು ಬರೆದೆ. ವರದಯ್ಯನವರು ಹಲಗೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬುಡವನ್ನು ಬೆರಳಿನಿಂದ ಸವರಿ, ಒಂದು ತಕರಾರಿದೆ ಎಂದರು. ಸುಗುಣನಿಗೆ ನೆಗಡಿಯಾದರೆ? ಅವಳು ಸುಮ್ಮಸುಮ್ಮನೆ ಕೆಮ್ಮುತ್ತಾಳೆ, ಇ‍ವರು ಆಗಲೇ ಹಾಕಿದ್ದೇನೆ ಎಂದುಕೊಂಡು ಉಪ್ಪನ್ನೇ ಹಾಕುವುದಿಲ್ಲ, ಅದಕ್ಕೆ ಹಲಗೆಯಲ್ಲಿ ಏನು ವ್ಯವಸ್ಥೆಯಿದೆ?

"ಅವತ್ತು ಸಪ್ಪೆ ಸಾರು ಉಣ್ಣಿ" ಎಂದಳು ನಂಜಮ್ಮಣ್ಣಿ.

ಅವರು ಬಹಳ ಹೊತ್ತು ಯೋಚಿಸಿ, ನ್ಯಾಯವಾಗಿಯೇ ಇದೆ ಎಂದು ಒಪ್ಪಿಗೆ ಬರೆದರು. ಅವರ ಮನೆಯ ಮುಂದಿನ ದಾಸವಾಳದ ಹಲಗೆಯೂ ಅದೇ ವಾರ ಸದ್ದಿಲ್ಲದೆ ಇಳಿಯಿತು.

ಈಗ ಊಟದ ಮನೆ ಮೊದಲಿನ ಹಾಗೆ ತುಂಬಿರುತ್ತದೆ. ಒಳಗಿನಿಂದ ಆಗಾಗ ಒಂದು ಸಣ್ಣ ಕೆಮ್ಮು ಕೇಳಿಸುತ್ತದೆ, ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು ಕೇಳಿಸುತ್ತದೆ, ಹೊರಗೆ ಕೂತವರು ತಮ್ಮ ತಮ್ಮ ಮಾತು ಮುಂದುವರಿಸುತ್ತಾರೆ. ಮೊನ್ನೆ ನಾನೂ ಊಟಕ್ಕೆ ಹೋಗಿದ್ದೆ. ಸಾರಿಗೆ ಉಪ್ಪೇ ಇರಲಿಲ್ಲ. ಇಡೀ ಪಂಕ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಲಸಿ ಉಂಡಿತು. ವರದಯ್ಯನವರು ಎರಡನೆಯ ಸಲವೂ ಬಡಿಸಿಕೊಂಡು, ಎಲೆಯಲ್ಲಿ ಒಂದು ಅಗುಳೂ ಬಿಡದೆ ಮುಗಿಸಿ, ಒಳಗಿನ ಕಡೆ ತಿರುಗಿದರು.

"ಸುಗುಣ, ರಾತ್ರಿ ಮಲಗೋ ಮುಂಚೆ ಶುಂಠಿ ಕಷಾಯ ಕುಡಿಯಮ್ಮ" ಎಂದರು.